ಹಳೇ ಟಿಟಿ ಕ್ಯಾಂಪರ್‌ಗೆ ಹೊಸ ಕುಶನ್: ರೆಕ್ಸಿನ್ನಾ, ಬಟ್ಟೆನಾ?

ಹಳೇ ಟಿಟಿ, ತುಮಕೂರು

ಎಲ್ಲರಿಗೂ ನಮಸ್ಕಾರ. ನನ್ನದು 1999ರ ಟೆಂಪೋ ಟ್ರಾವೆಲರ್. ಮೂತಿ ಮೇಲೆ ಇನ್ನೂ ಬಜಾಜ್ ಟೆಂಪೋ ಅಂತಲೇ ಇದೆ, ಕಂಪನಿ ಫೋರ್ಸ್ ಆಗಿದ್ದು 2005ರಲ್ಲಿ ಅಲ್ವಾ. ಟೂರಿಸ್ಟ್ ಓಡಿಸುತ್ತಿದ್ದವರಿಂದ ತಗೊಂಡು ಸ್ವಂತಕ್ಕೆ ಮಾಡಿಸಿಕೊಂಡೆ. ಹಿಂದೆ ಒಂದು ಬೆಂಚು, ಬಿಚ್ಚಿದರೆ ಇಬ್ಬರು ಮಲಗುವ ಹಾಸಿಗೆ. ಮುಂದಿನ ಎರಡು ಸೀಟು ಗಾಡಿಯ ಜೊತೆ ಬಂದ ಹಳೇವೇ.

ಡ್ರೈವರ್ ಸೀಟಿನ ಬಲಗಡೆ ಅಂಚು ಕಿತ್ತುಹೋಗಿದೆ. ಒಳಗಿನ ಫೋಮು ಪುಡಿಪುಡಿ. ಗಾಡಿಯಿಂದ ಇಳಿದರೆ ಪ್ಯಾಂಟಿಗೆ ಹುರಿಹಿಟ್ಟು ಮೆತ್ತಿದ ಹಾಗೆ ಇರುತ್ತದೆ. ಹಿಂದೆ ಮಲಗಿದರೆ ಸೊಂಟಕ್ಕೆ ನೇರವಾಗಿ ಪ್ಲೈವುಡ್ಡೇ ಸಿಗುತ್ತದೆ. ಮುಂದಿನ ಟ್ರಿಪ್ಪಿಗೆ ನಾನು ಬರಲ್ಲ ಅಂತ ಮನೆಯವಳು ಹೇಳಿಬಿಟ್ಟಿದ್ದಾಳೆ.

ಬೆಂಗಳೂರಿಗೆ ಹೋಗಿ ಜೆ.ಸಿ. ರಸ್ತೆಯಲ್ಲಿ ಸ್ಯಾಂಪಲ್ ನೋಡಿ ಬಂದೆ. ಒಬ್ಬರು ರೆಕ್ಸಿನ್ ಅಂದರು, ಇನ್ನೊಬ್ಬರು ಲೆದರ್ ಫಿನಿಷ್ ಅಂದರು. ಮಗಳು ಬಟ್ಟೆಯೇ ಇರಲಿ ಅಂತಾಳೆ. ಯಾವುದು ಹಾಕಿಸಲಿ? ಬಣ್ಣ ಕಂದು ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ಅದರ ಬಗ್ಗೆ ಮಾತ್ರ ದಯವಿಟ್ಟು ಚರ್ಚೆ ಬೇಡ.

ಓಮ್ನಿ ಪ್ರಿಯ

ಕಂದು ಬೇಡ, ಬೂದು ಹಾಕಿ. ಧೂಳು ಕಾಣಲ್ಲ.

ಕಡಲ ತಡಿ, ಮಂಗಳೂರು

ಮಾರಾಯ್ರೆ, ಆ ಲೆದರ್ ಫಿನಿಷ್ ಒಂದು ಬಿಟ್ಟು ಬೇರೆ ಏನು ಬೇಕಾದ್ರೂ ಹಾಕಿ. ನನ್ನ ಅನುಭವ ಹೇಳ್ತೇನೆ. ಮುಟ್ಟಿದರೆ ಮಕ್ಕಳ ಕೆನ್ನೆಯ ಹಾಗೆ ಮೆತ್ತಗೆ ಇತ್ತು, ಹಾಗಾಗಿ ತಗೊಂಡೆ. ನಾಲ್ಕನೇ ಮಳೆಗಾಲಕ್ಕೆ ಬಿಸಿಲಿಗೆ ಸುಟ್ಟ ಚರ್ಮದ ಹಾಗೆ ಪದರ ಪದರ ಎದ್ದು ಬಂತು. ಬಿಳಿ ಅಂಗಿ ಹಾಕಿಕೊಂಡು ಕೂತವರ ಬೆನ್ನೆಲ್ಲ ಕಂದು ಚೂರು.

ಆಮೇಲೆ ಗೊತ್ತಾಯಿತು, ಅದು ಪಿಯು ಅಂತೆ. ಬಟ್ಟೆಯ ಮೇಲೆ ತೆಳ್ಳಗೆ ಪಾಲಿಯುರೇಥೇನ್ ಬಳಿದಿರುತ್ತಾರೆ. ಗಾಳಿಯಲ್ಲಿರುವ ನೀರಿನ ಅಂಶವೇ ಅದನ್ನು ನಿಧಾನಕ್ಕೆ ಒಡೆಯುತ್ತದೆ. ನಮ್ಮ ಕರಾವಳಿ ಸೆಕೆಗೆ ಅದು ಬೇಗ ಆಗುತ್ತದೆ ಅಷ್ಟೇ. ಹಳೇ ಕಾಲದ ರೆಕ್ಸಿನ್ ಪಿವಿಸಿ. ಅದು ಹೀಗೆ ಸುಲಿಯುವುದಿಲ್ಲ. ಬಿಸಿಲಿಗೆ ಗಟ್ಟಿಯಾಗಿ ಬಿರುಕು ಬಿಡಬಹುದು, ಆದರೆ ವರ್ಷಗಟ್ಟಲೆ ಬಾಳುತ್ತದೆ. ಬಸ್ಸುಗಳಲ್ಲಿ ಸುಮ್ನೆ ಅದನ್ನೇ ಹಾಕ್ತಾರಾ?

ಓಮ್ನಿ ಪ್ರಿಯ

ಪಿವಿಸಿ ರೆಕ್ಸಿನ್ ಮೇಲೆ ಏಪ್ರಿಲ್‌ನಲ್ಲಿ ರಾಯಚೂರಿನ ಕಡೆ ಹೋಗಿ ನೋಡಿ. ದೋಸೆ ಹುಯ್ಯಬಹುದು.

ಕುಶನ್ ಕೆಲಸ, ಹುಬ್ಬಳ್ಳಿ

ಟಿಟಿ ಸಾಹೇಬ್ರ, ನಾನು ಇದೇ ಕೆಲಸದಲ್ಲಿ ಇದ್ದೇನೆ. ಲಾರಿ, ಟೆಂಪೋ, ಒಮ್ಮೊಮ್ಮೆ ಮದುವೆ ಮಂಟಪದ ಕುರ್ಚಿನೂ ಮಾಡ್ತೇನೆ. ಒಂದು ಮಾತು ಹೇಳ್ತೇನೆ, ಬೇಜಾರು ಮಾಡ್ಕೋಬೇಡಿ. ಬರೋ ಗಿರಾಕಿಗಳೆಲ್ಲ ಮೊದಲು ಬಟ್ಟೆ ಯಾವುದು ಅಂತ ಕೇಳ್ತಾರೆ. ಒಳಗೆ ಏನು ಹಾಕ್ತೀರಿ ಅಂತ ಕೇಳೋರು ಕಡಿಮೆ. ಮೊದಲು ಸೀಟು ಬಿಚ್ಚಿ. ಸ್ಪ್ರಿಂಗ್ ಹೆಂಗಿದೆ, ಅದರ ಮೇಲೆ ಏನಿದೆ ಅಂತ ನೋಡಿ ಫೋಟೋ ಹಾಕಿ. ರೆಕ್ಸಿನ್ ಮಾತು ಆಮೇಲೆ.

ಬಿಚ್ಚುವಾಗ ಹಳೇ ಕವರ್ ಹರಿಯಬೇಡಿ. ಕೆಳಗಡೆ ಸೀಟಿನ ಚೌಕಟ್ಟಿಗೆ ಸಣ್ಣ ಸಣ್ಣ ಕಂಬಿ ರಿಂಗು ಹಾಕಿರ್ತಾರೆ. ಕಟಿಂಗ್ ಪ್ಲೇಯರ್‌ನಲ್ಲಿ ಕತ್ತರಿಸಿ ತೆಗೀರಿ. ಕವರಿನ ಹೊಲಿಗೆ ಒಳಗೆ ಉದ್ದ ಕಂಬಿ ಇರ್ತದೆ. ಅದನ್ನು ಎಳೆದು ಇಟ್ಕೊಳ್ಳಿ, ಮತ್ತೆ ಬೇಕು. ಆಮೇಲೆ ಒಂದೊಂದು ತುಂಡಿನ ಮೇಲೂ ನಂಬರ್ ಬರೀರಿ. ಯಾವ ಮೂಲೆ ಯಾವ ಮೂಲೆಗೆ ಸೇರ್ತದೆ ಅಂತ ಹೊಲಿಗೆ ಬಿಚ್ಚೋ ಮುಂಚೆನೇ ಅಡ್ಡಗೆರೆ ಹಾಕಿ. ಬಿಚ್ಚಿದ ಮೇಲೆ ಎಲ್ಲ ತುಂಡೂ ಒಂದೇ ತರ ಕಾಣ್ತವೆ.

ಹಳೇ ಟಿಟಿ, ತುಮಕೂರು

ಮಾಸ್ಟ್ರೇ, ಭಾನುವಾರ ಡ್ರೈವರ್ ಸೀಟು ಬಿಚ್ಚಿದೆ. ನಾಲ್ಕು ಬೋಲ್ಟು, ಅದರಲ್ಲಿ ಒಂದು ತುಕ್ಕು ಹಿಡಿದು ಅರ್ಧ ದಿನ ತಿಂದಿತು.

ಸೀಟೊಳಗೆ ಸಿಕ್ಕಿದ್ದು: 25 ಪೈಸೆಯ ಮೂರು ನಾಣ್ಯ, ಒಂದು ಬಾಚಣಿಗೆ, ಒಣಗಿದ ಅಡಿಕೆ ಚೂರು, ಮುರಿದ ಬಾಲ್ ಪೆನ್ನು. ಮೂಲೆಯಲ್ಲಿ ಇಲಿ ಗೂಡು. ಖಾಲಿ, ಪುಣ್ಯಕ್ಕೆ.

ಸ್ಪ್ರಿಂಗ್ ಹಾವಿನ ಹಾಗೆ ಬಳುಕಿರುವ ಐದು ಕಂಬಿ. ಒಂದರ ಕೊಂಡಿ ಬಿಟ್ಟು ನೇತಾಡುತ್ತಿದೆ. ಅದರ ಮೇಲೆ ಗೋಣಿತಟ್ಟು ಇದ್ದಿರಬೇಕು, ಈಗ ಬರೀ ನಾರು. ಅದರ ಮೇಲೆ ಕಂದು ಬಣ್ಣದ ಗಟ್ಟಿ ಹಾಸು, ತೆಂಗಿನ ನಾರಿನ ತರ. ಮೇಲೆ ಫೋಮು. ಫೋಮಿನ ಅಡಿಭಾಗದಲ್ಲಿ ಸ್ಪ್ರಿಂಗ್ ಇದ್ದ ಕಡೆಯೆಲ್ಲ ಗರಗಸದಲ್ಲಿ ಕೊಯ್ದ ಹಾಗೆ ಗೆರೆ ಬಿದ್ದಿದೆ. ನಾರಿನ ಹಾಸನ್ನು ಬಿಸಾಡಲೇ?

ಕುಶನ್ ಕೆಲಸ, ಹುಬ್ಬಳ್ಳಿ

ಬಿಸಾಡಬೇಡಿ! ಅದು ರಬ್ಬರ್ ಹಾಕಿದ ತೆಂಗಿನ ನಾರು. ಒಂದೆರಡು ದಿನ ಬಿಸಿಲಿಗೆ ಹಾಕಿ, ಕೋಲು ತಗೊಂಡು ಧೂಳು ಹೋಗೋ ತನಕ ಬಡೀರಿ. ಕೈಯಲ್ಲಿ ಬಗ್ಗಿಸಿದ್ರೆ ಪುಡಿ ಆಗದೆ ವಾಪಸ್ ಬಂದ್ರೆ ಇನ್ನೂ ಹತ್ತು ವರ್ಷ ಬಾಳ್ತದೆ. ಗಾಳಿ ಆಡ್ತದೆ, ಬೆವರು ನಿಲ್ಲಲ್ಲ.

ಗೆರೆ ಬಿದ್ದಿದ್ದು ಯಾಕೆ ಗೊತ್ತಾ? ಗೋಣಿತಟ್ಟು ಹೋಗಿದ್ದಕ್ಕೆ. ಗಾಡಿ ಓಡುವಾಗ ಸ್ಪ್ರಿಂಗ್ ಮೇಲೆ ಕೆಳಗೆ ಆಡ್ತಾ ಇರ್ತದೆ. ನಡುವೆ ಗೋಣಿ ಇಲ್ಲ ಅಂದ್ರೆ ಅದೇ ಗರಗಸ. ಮೊದಲು ನಾರಿನ ಹಾಸನ್ನು ಕಡಿದು ದಾಟ್ತದೆ, ಆಮೇಲೆ ಫೋಮಿಗೆ ಬರ್ತದೆ. ನಿಮ್ಮ ಪ್ಯಾಂಟಿನ ಹುರಿಹಿಟ್ಟು ಅಲ್ಲಿಂದಲೇ ಬಂದಿದ್ದು. ಇಷ್ಟು ಬಿಟ್ಟು ಮೇಲೆ ಎಂಥಾ ರೆಕ್ಸಿನ್ ಹಾಕಿದ್ರೂ ಎರಡು ವರ್ಷಕ್ಕೆ ಮತ್ತೆ ಗುಂಡಿ.

ಈಗ ಮಾಡಬೇಕಾದ್ದು ಕೇಳಿ. ಚೌಕಟ್ಟಿಗೆ ತಂತಿ ಬ್ರಷ್ ಹಾಕಿ, ಉಪ್ಪು ಕಾಗದ ತಿಕ್ಕಿ, ತುಕ್ಕು ತಡೆಯೋ ರೆಡ್ ಆಕ್ಸೈಡ್ ಬಣ್ಣ ಹೊಡೀರಿ. ಬಿಟ್ಟ ಸ್ಪ್ರಿಂಗ್‌ಗೆ ಹೊಸ ಕೊಂಡಿ ಹಾಕಿಸಿ. ಮೇಲೆ ಹೊಸ ಗೋಣಿ, ಎರಡು ಮಡಿಕೆ. ಅಕ್ಕಿ ಮೂಟೆ ಪ್ಲಾಸ್ಟಿಕ್ ಚೀಲ ಅಲ್ಲ, ಸೆಣಬಿನದ್ದೇ ಆಗಬೇಕು. ಗೋಣಿಯನ್ನು ಚೌಕಟ್ಟಿಗೆ ಬಿಗಿಯಾಗಿ ಕಟ್ಟಿ, ಸ್ಪ್ರಿಂಗ್‌ಗೂ ಅಲ್ಲಲ್ಲಿ ದಾರ ಹಾಕಿ. ಅದರ ಮೇಲೆ ನಾರು. ಅದರ ಮೇಲೆ ಫೋಮು.

ಸ್ಟುಟ್‌ಗಾರ್ಟ್ ಸಂಚಾರಿ

ಈ ನಾರಿನ ವಿಷಯ ಓದಿ ಖುಷಿಯಾಯಿತು. ಬೀಟಲ್ ಕಾಲದ ಜರ್ಮನ್ ಕಾರುಗಳ ಸೀಟಿನಲ್ಲೂ ಹೀಗೇ. ರಬ್ಬರಿನಲ್ಲಿ ಹಿಡಿದಿಟ್ಟ ತೆಂಗಿನ ನಾರು, ಕುದುರೆ ಕೂದಲು. ಇಲ್ಲಿನವರು ಈಗಲೂ ಅದನ್ನೇ ಹುಡುಕಿ ದುಡ್ಡು ಸುರಿದು ಹಾಕಿಸುತ್ತಾರೆ. ತಿಪಟೂರು ಪಕ್ಕದಲ್ಲೇ ಇಟ್ಟುಕೊಂಡು ನೀವು ಬಿಸಾಡಲೇ ಅಂತ ಕೇಳ್ತಿದ್ದೀರಲ್ಲ!

ನನ್ನ ಹತ್ತಿರ 1986ರ ಫೋಕ್ಸ್‌ವ್ಯಾಗನ್ ಟಿ3 ಇದೆ, ವೆಸ್ಟ್‌ಫಾಲಿಯಾ ಅನ್ನುವ ಕಂಪನಿಯವರು ಕ್ಯಾಂಪರ್ ಮಾಡಿದ್ದು. ಇದರ ಇಂಜಿನ್ ಹಿಂದುಗಡೆ. ಮಲಗುವ ಹಾಸಿಗೆಯ ಅರ್ಧ ಇಂಜಿನ್ನಿನ ಮೇಲೇ ಬರುತ್ತದೆ. ಚಳಿಗಾಲದಲ್ಲಿ ಗಾಡಿ ನಿಲ್ಲಿಸಿ ಮಲಗಿದರೆ ಮೊದಲ ಒಂದು ಗಂಟೆ ಕಾಲಿನ ಕಡೆ ಬೆಚ್ಚಗೆ, ಅಜ್ಜಿ ಮನೆ ಒಲೆ ಪಕ್ಕ ಮಲಗಿದ ಹಾಗೆ.

ಇಲ್ಲಿ ನನ್ನ ತಲೆನೋವು ಬೇರೆ. ಗಾಡಿಗೆ 30 ವರ್ಷ ತುಂಬಿ, ಮೂಲ ರೂಪದಲ್ಲೇ ಚೆನ್ನಾಗಿ ಉಳಿದಿದ್ದರೆ ನಂಬರ್ ಪ್ಲೇಟಿನ ಕೊನೆಗೆ ಎಚ್ ಅಕ್ಷರ ಕೊಡುತ್ತಾರೆ. ತೆರಿಗೆ ಕಡಿಮೆ ಬೀಳಬಹುದು. ಆದರೆ ಒಳಗಿನ ಸೀಟೂ ಆ ಕಾಲದ್ದರ ಹಾಗೇ ಕಾಣಬೇಕು. ಹಾಗಾಗಿ ಅದೇ ಕಂದು ಚೌಕುಳಿ ಬಟ್ಟೆ ಹುಡುಕುತ್ತಾ ಎಂಟು ತಿಂಗಳಾಯಿತು. ಟಿಟಿಯವರೇ, ಕಂದು ಬಣ್ಣಕ್ಕೆ ನನ್ನ ಒಂದು ವೋಟು.

ಓಮ್ನಿ ಪ್ರಿಯ

ಬೂದು.

ಹೊಲಿಗೆ ಮೇಜು, ಮೈಸೂರು

ನಾನು ನಮ್ಮ ಯಜಮಾನರ ವ್ಯಾನಿಗೆ ಮೂರು ದಿಂಬಿನ ಹಾಸಿಗೆ ಮನೆಯಲ್ಲೇ ಹೊಲಿದೆ, ಹಳೇ ಉಷಾ ಮಿಷನ್ನಲ್ಲಿ. ಆಗಲ್ಲ ಅಂತ ಎಲ್ಲರೂ ಹೇಳಿದ್ದರು. ಆಗುತ್ತದೆ, ಆದರೆ ಹಟ ಬೇಕು.

18 ನಂಬರ್ ಸೂಜಿ ಹಾಕಿ. ನೂಲಿನ ದಾರ ಬೇಡವೇ ಬೇಡ. ಬಿಸಿಲು, ಬೆವರಿಗೆ ಕೊಳೆತು ಹೊಲಿಗೆ ಬಾಯಿ ಬಿಡುತ್ತದೆ. ದಪ್ಪ ಪಾಲಿಯೆಸ್ಟರ್ ದಾರ ತಗೊಳ್ಳಿ. ಹೊಲಿಗೆ ಉದ್ದ 4 ಮಿ.ಮೀ. ಇರಲಿ. ರೆಕ್ಸಿನ್ ಮೇಲೆ ಹೊಲಿಗೆ ಒತ್ತೊತ್ತಾಗಿ ಹಾಕಿದರೆ ಅಂಚೆ ಚೀಟಿ ಹಾಳೆಯ ಹಾಗೆ ಆಗುತ್ತದೆ, ಎಳೆದರೆ ಅದೇ ಗೆರೆಯಲ್ಲಿ ಹರಿಯುತ್ತದೆ. ಗುಂಡುಪಿನ್ನು ಚುಚ್ಚಬೇಡಿ, ರೆಕ್ಸಿನ್ನಿನಲ್ಲಿ ಆದ ತೂತು ಮುಚ್ಚಲ್ಲ. ನಾನು ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿದೆ. ಮಿಷನ್ನಿನ ಪಾದದ ಅಡಿ ರೆಕ್ಸಿನ್ ಅಂಟಿಕೊಂಡು ಮುಂದೆ ಹೋಗದಿದ್ದರೆ ಸ್ವಲ್ಪ ಟಾಲ್ಕಂ ಪೌಡರ್ ಉದುರಿಸಿ. ನಾಲ್ಕು ಪದರ ಸೇರುವ ಮೂಲೆಯಲ್ಲಿ ಮೋಟಾರ್ ನಿಲ್ಲಿಸಿ, ಚಕ್ರ ಕೈಯಲ್ಲೇ ತಿರುಗಿಸಿ.

ಬಟ್ಟೆ ಎಷ್ಟು ಬೇಕು ಅನ್ನುವ ಲೆಕ್ಕವನ್ನೂ ಬರೆದುಬಿಡುತ್ತೇನೆ, ಅಂಗಡಿಯವರು ಯಾವಾಗಲೂ ಎರಡು ಮೀಟರ್ ಜಾಸ್ತಿ ಹೇಳುತ್ತಾರೆ. ನಮ್ಮದು ತಲಾ 24 ಇಂಚು ಅಗಲ, 48 ಇಂಚು ಉದ್ದ, 5 ಇಂಚು ದಪ್ಪದ ಮೂರು ದಿಂಬು. ಮೂರೂ ಸೇರಿದರೆ 6 ಅಡಿ ಉದ್ದ, 4 ಅಡಿ ಅಗಲದ ಹಾಸಿಗೆ. ಬಟ್ಟೆ ಪನ್ನ 54 ಇಂಚು. ಹೊಲಿಗೆಗೆ ಸುತ್ತ ಅರ್ಧ ಇಂಚು ಬಿಟ್ಟರೆ ಮೇಲ್ಭಾಗ 25ಕ್ಕೆ 49. ಪನ್ನದಲ್ಲಿ ಅಡ್ಡಕ್ಕೆ ಇಟ್ಟರೆ ಮೂರು ಮೇಲ್ಭಾಗಕ್ಕೆ 75 ಇಂಚು. ಸುತ್ತಿನ ಪಟ್ಟಿ 6 ಇಂಚು ಅಗಲ, ಒಂದು ದಿಂಬಿಗೆ ಪನ್ನದುದ್ದಕ್ಕೂ ಮೂರು ಪಟ್ಟಿ ಬೇಕು, ಅಂದರೆ 18 ಇಂಚು. ಮೂರಕ್ಕೆ 54. ಒಟ್ಟು 129 ಇಂಚು, ಹತ್ತಿರ ಹತ್ತಿರ 3.3 ಮೀಟರ್. ನಾಲ್ಕು ಮೀಟರ್ ತಗೊಂಡರೆ ಧಾರಾಳ. ಅಡಿಭಾಗಕ್ಕೆ ಒಳ್ಳೇ ಬಟ್ಟೆ ದಂಡ. ಯಾರೂ ನೋಡಲ್ಲ, ಕ್ಯಾನ್ವಾಸ್ ಹಾಕಿ. ಚೌಕುಳಿ, ಪಟ್ಟೆ ಇದ್ದರೆ ಮಾತ್ರ ಗೆರೆ ಕೂಡಿಸಲು ಇನ್ನೊಂದು ಮೀಟರ್ ಬೇಕು.

ಜಿಪ್ಪು ಹಿಂಭಾಗದ ಪೂರ್ತಿ ಉದ್ದಕ್ಕೆ ಹಾಕಿ, ಎರಡೂ ಕಡೆ ಮೂಲೆ ತಿರುಗಿ ನಾಲ್ಕು ಇಂಚು ಬರಲಿ. ನಾನು ಚಿಕ್ಕ ಜಿಪ್ಪು ಹಾಕಿ, ಫೋಮು ತುರುಕಲು ಯಜಮಾನರನ್ನೂ ಪಕ್ಕದ ಮನೆಯವರನ್ನೂ ಕರೆಯಬೇಕಾಯಿತು.

ಹಳೇ ಟಿಟಿ, ತುಮಕೂರು

ಅಕ್ಕ, ಈ ಲೆಕ್ಕವನ್ನು ಪ್ರಿಂಟ್ ತೆಗೆದು ಗಾಡಿಯಲ್ಲಿ ಅಂಟಿಸುತ್ತೇನೆ. ನನ್ನ ಹಾಸಿಗೆಯೂ ಅದೇ ಅಳತೆ.

ಫೋಮು ತರುತ್ತಿದ್ದೇನೆ. 40 ಡೆನ್ಸಿಟಿ ಸಾಕಾ ಮಾಸ್ಟ್ರೇ? ಡೆನ್ಸಿಟಿ ಜಾಸ್ತಿ ಆದರೆ ಗಟ್ಟಿ ಆಗಲ್ವಾ?

ಕುಶನ್ ಕೆಲಸ, ಹುಬ್ಬಳ್ಳಿ

ಡೆನ್ಸಿಟಿ ಬೇರೆ, ಗಟ್ಟಿ ಬೇರೆ. 40 ಅಂದ್ರೆ ಒಂದು ಘನ ಮೀಟರ್ ಫೋಮು 40 ಕೆ.ಜಿ. ತೂಗ್ತದೆ ಅಂತ ಅಷ್ಟೇ. ಅದರಲ್ಲೇ ಮೆತ್ತಗಿನದೂ ಬರ್ತದೆ, ಗಟ್ಟಿದೂ ಬರ್ತದೆ. ತೂಕ ಜಾಸ್ತಿ ಇದ್ರೆ ಒಳಗೆ ಮಾಲು ಜಾಸ್ತಿ, ಬೇಗ ಕೂರಲ್ಲ. ಮೆತ್ತಗಾ, ಗಟ್ಟಿಯಾ ಅನ್ನೋದನ್ನ ಕೂತೇ ನೋಡಬೇಕು. ಕೈಯಲ್ಲಿ ಅದುಮಿ ನೋಡಿದ್ರೆ ಎಲ್ಲಾ ಫೋಮೂ ಚಂದ.

ಹಾಸಿಗೆಗೆ ಅಡಿಯಲ್ಲಿ 1 ಇಂಚು ರೀಬಾಂಡೆಡ್ ಹಾಕಿ. ಚೂರು ಫೋಮು ಒತ್ತಿ ಮಾಡಿದ್ದು, ಬಣ್ಣ ಬಣ್ಣದ ಮಿಕ್ಸ್ಚರ್ ತರ ಕಾಣ್ತದೆ. ಮೇಲೆ 4 ಇಂಚು 40 ಡೆನ್ಸಿಟಿ. ಅದರ ಮೇಲೆ ತೆಳ್ಳಗೆ ರೆಕ್ರಾನ್ ಶೀಟ್ (ದಿಂಬಿಗೆ ತುಂಬೋ ಪಾಲಿಯೆಸ್ಟರ್ ಹತ್ತಿ) ಸುತ್ತಿ, ಮೂಲೆ ದುಂಡಗೆ ಕಾಣ್ತದೆ. ಫೋಮು ಕವರಿಗಿಂತ ಅರ್ಧ ಇಂಚು ದೊಡ್ಡದಿರಲಿ. ಸಮ ಇದ್ರೆ ಆರು ತಿಂಗಳಿಗೆ ಕವರ್ ಜೋತು ಬೀಳ್ತದೆ. ಅಂಟಿಸೋಕೆ ಸಲ್ಯೂಷನ್ ಎರಡೂ ಕಡೆ ಹಚ್ಚಿ, ಬೆರಳಿಗೆ ಅಂಟದ ಹಾಗೆ ಆದ ಮೇಲೆ ಒತ್ತಿ. ಬಾಗಿಲು ಕಿಟಕಿ ತೆಗೆದಿರಿ, ಹತ್ತಿರ ಬೆಂಕಿ ಬೇಡ.

ಇನ್ನೊಂದು. ಅಂಗಡಿಗೆ ಹೋದ್ರೆ ತೂಕ ಹಾಕಿಸಿ. ನಿಮ್ಮ 24, 48, 4 ಇಂಚಿನ ತುಂಡು 40 ಡೆನ್ಸಿಟಿ ಆದ್ರೆ ಮೂರು ಕೆ.ಜಿ. ಹತ್ತಿರ ಇರಬೇಕು. 32 ಆದ್ರೆ ಎರಡೂವರೆಗಿಂತ ಕಡಿಮೆ.

ಹಳೇ ಟಿಟಿ, ತುಮಕೂರು

ಮಾಸ್ಟ್ರೇ, ನಿಮ್ಮ ಮೆಸೇಜ್ ನೋಡುವ ಹೊತ್ತಿಗೆ ಫೋಮು ಮನೆಗೆ ಬಂದಾಗಿತ್ತು. ಬಿಲ್ಲಿನಲ್ಲಿ 40 ಅಂತಲೇ ಇದೆ. ಪಕ್ಕದ ದಿನಸಿ ಅಂಗಡಿಗೆ ಹೊತ್ತುಕೊಂಡು ಹೋದೆ. ಅಕ್ಕಿ ತೂಗುವ ತಕ್ಕಡಿ ಮೇಲೆ ಫೋಮು ಇಟ್ಟಾಗ ಅಂಗಡಿಯವರು ನನ್ನ ಮುಖವನ್ನೇ ನೋಡುತ್ತಿದ್ದರು. 2 ಕೆ.ಜಿ. 400 ಗ್ರಾಂ. ಮೂರೂ ತುಂಡು ಹೆಚ್ಚು ಕಮ್ಮಿ ಅಷ್ಟೇ.

ವಾಪಸ್ ಹೋಗಿ ಕೇಳಿದೆ. ಮೊದಲು "ಎಲ್ಲ ಒಂದೇ ಸಾರ್" ಅಂದರು. ಘನ ಮೀಟರ್ ಲೆಕ್ಕ ಹೇಳಿದ ಮೇಲೆ ಹುಡುಗನನ್ನು ಗೋಡೌನಿಗೆ ಕಳಿಸಿದರು. ಬದಲಿಸಿ ಕೊಟ್ಟಿದ್ದು 3 ಕೆ.ಜಿ. 50 ಗ್ರಾಂ. ಕೂತು ನೋಡಿದರೆ ಬೇರೆ ವಸ್ತುವೇ.

ಕಡಲ ತಡಿ, ಮಂಗಳೂರು

ಹಹ್ಹ! ಮೀನು ತಗೊಳ್ಳುವಾಗ ಕಿವಿರು ಎತ್ತಿ ನೋಡುವವರು ನಾವು, ಫೋಮಿಗೆ ತಕ್ಕಡಿ ಯಾರಿಗೂ ಹೊಳೆದಿರಲಿಲ್ಲ.

ಹಾಸಿಗೆ ಅಡಿಯ ಪ್ಲೈವುಡ್ಡಿಗೆ ತೂತು ಕೊರೆದಿದ್ದೀರಾ? ಮಲಗಿದಾಗ ಮೈ ಬೆಚ್ಚಗೆ, ಅಡಿಯ ಹಲಗೆ ತಣ್ಣಗೆ. ನಡುವೆ ನೀರು ಕಟ್ಟುತ್ತದೆ. ಆಗುಂಬೆಯಲ್ಲಿ ಜುಲೈನಲ್ಲಿ ಮೂರು ರಾತ್ರಿ ಮಲಗಿ ಎದ್ದು, ಹಾಸಿಗೆ ಎತ್ತಿ ನೋಡಿದರೆ ಅಡಿಯೆಲ್ಲ ಕಪ್ಪು ಬೂಷ್ಟು. ಒಂದು ಇಂಚಿನ ತೂತು, ಗೇಣಿಗೊಂದು ಸಾಕು.

ನಿಯಮ ನಿಷ್ಠ

ಮಧ್ಯೆ ಬಾಯಿ ಹಾಕುತ್ತೇನೆ. ಕುಶನ್, ಕವರ್ ಬದಲಿಸುವುದು ತೊಂದರೆ ಇಲ್ಲ. ಆದರೆ ಸೀಟಿನ ಸಂಖ್ಯೆ, ಸೀಟು ಕೂರುವ ಜಾಗ ಬದಲಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬರುತ್ತದೆ. ಆರ್‌ಸಿಯಲ್ಲಿ ಇರುವುದೂ ಗಾಡಿಯಲ್ಲಿ ಇರುವುದೂ ಒಂದೇ ಆಗಿರಬೇಕು. ಸೀಟ್ ಬೆಲ್ಟಿನ ಬೋಲ್ಟು ಬಿಚ್ಚಿದ್ದರೆ ಅದೇ ಜಾಗಕ್ಕೆ, ಅದೇ ಬೋಲ್ಟು ಹಾಕಿ ಪೂರ್ತಿ ಬಿಗಿಮಾಡಿ. ಹೊಸ ಕವರಿನ ಅಡಿ ಬಕಲ್ ಹೂತು ಹೋಗಿರುವ ಎಷ್ಟೋ ಗಾಡಿ ನೋಡಿದ್ದೇನೆ.

ಗಾಡಿಯಲ್ಲಿ ಗ್ಯಾಸ್ ಒಲೆ ಇದೆಯಾ? ಹಾಗಿದ್ದರೆ ಬೆಂಕಿಯ ಬಗ್ಗೆಯೂ ಯೋಚನೆ ಮಾಡಿ. ವಾಹನದ ಒಳಗಿನ ಬಟ್ಟೆ, ಫೋಮಿಗೆ ಐಎಸ್ 15061 ಅಂತ ಒಂದು ಮಾನದಂಡ ಇದೆ. ಅಡ್ಡಕ್ಕೆ ಹಿಡಿದ ತುಂಡಿನಲ್ಲಿ ಬೆಂಕಿ ನಿಮಿಷಕ್ಕೆ 100 ಮಿ.ಮೀ.ಗಿಂತ ಬೇಗ ಹರಡಬಾರದು. ಮನೆ ಸೋಫಾದ ಬಟ್ಟೆಗೆ ಈ ಪರೀಕ್ಷೆ ಆಗಿರುತ್ತದೆ ಅಂತ ಇಲ್ಲ. ವಾಹನಕ್ಕೆ ಅಂತಲೇ ಮಾರುವ ಮಾಲು ಕೇಳಿ ತಗೊಳ್ಳಿ.

ಹಳೇ ಟಿಟಿ, ತುಮಕೂರು

ಆರ್‌ಸಿ ಸರಿ ಮಾಡಿಸಿದ್ದೇನೆ ಸಾರ್, ಅದಕ್ಕೆ ಅಲೆದಿದ್ದೇ ಒಂದು ಪುರಾಣ. ಒಲೆ ಹೊರಗಡೆಯೇ ಹಚ್ಚುತ್ತೇವೆ.

ಕೊನೆಗೆ ಹೀಗೆ ಮಾಡಿದೆ. ಮುಂದಿನ ಎರಡು ಸೀಟಿಗೆ ನಡುವೆ ಬಟ್ಟೆ, ಬದಿಗೆ ಪಿವಿಸಿ ರೆಕ್ಸಿನ್. ಬೆನ್ನಿಗೆ ಬಿಸಿ ಇಲ್ಲ, ಹತ್ತಿ ಇಳಿಯುವ ಅಂಚು ಸವೆಯಲ್ಲ. ಬಲಗಡೆ ಅಂಚಿಗೆ ಒಳಗಿಂದ ಇನ್ನೊಂದು ಪಟ್ಟಿ ಕೊಟ್ಟೆ. ಹಿಂದಿನ ಹಾಸಿಗೆಗೆ ಪೂರ್ತಿ ಬಟ್ಟೆ. ಹಾಸಿಗೆ ಕವರನ್ನು ಅಕ್ಕ ಹೇಳಿದ ಲೆಕ್ಕದಲ್ಲಿ ಮನೆಯಲ್ಲೇ ಹೊಲಿದೆವು. ಮುಂದಿನ ಸೀಟು ಮಾತ್ರ ಇಲ್ಲಿನ ಒಬ್ಬ ಕುಶನ್ ಕೆಲಸದವರ ಹತ್ತಿರ ಹೊಲಿಸಿದೆ. ಆ ತಿರುವುಗಳು ನಮ್ಮ ಮಿಷನ್ನಿಗೆ ದಕ್ಕಲಿಲ್ಲ, ಎರಡು ಸೂಜಿ ಮುರಿದ ಮೇಲೆ ಸೋಲು ಒಪ್ಪಿಕೊಂಡೆ.

ಗೋಣಿ ನಾನೇ ಕಟ್ಟಿದೆ. ಬೇಡ ಸಾರ್, ಈಗ ಯಾರೂ ಹಾಕಲ್ಲ ಅಂದರು ಆ ಕೆಲಸದವರು. ಹಾಕಿಯೇ ಕೊಟ್ಟೆ.

ಕುಶನ್ ಕೆಲಸ, ಹುಬ್ಬಳ್ಳಿ

ಶಭಾಷ್. ಹಾಸಿಗೆ ಬಟ್ಟೆ ಮೇಲೆ ಒಂದು ಕೌದಿ ಹಾಸ್ರಿ. ಎಣ್ಣೆ, ಚಹಾ ಚೆಲ್ಲಿದ್ರೆ ಕೌದಿ ಒಗೆದ್ರಾಯ್ತು. ನಮ್ಮ ಕಡೆ ಪ್ರತಿ ಮನೆಯಲ್ಲೂ ಒಂದು ಹೆಚ್ಚಿಗೆ ಇರ್ತದೆ.

ಓಮ್ನಿ ಪ್ರಿಯ

ಫೋಟೋ ಹಾಕಿ ಸಾರ್. ಬಣ್ಣ ನೋಡೋಣ.

ಹಳೇ ಟಿಟಿ, ತುಮಕೂರು

ಮೂರು ವಾರ ಆಯಿತು, ಈಗ ಬರೆಯುತ್ತಿದ್ದೇನೆ. ಮರವಂತೆ ತನಕ ಹೋಗಿ ಬಂದೆವು. ಮನೆಯವಳೂ ಬಂದಿದ್ದಳು. ಮೊದಲ ರಾತ್ರಿ ಹಾಸಿಗೆ ಬಗ್ಗೆ ಏನೂ ಹೇಳಲಿಲ್ಲ. ಬೆಳಿಗ್ಗೆ ಏಳೂವರೆ ತನಕ ಎದ್ದೂ ಇರಲಿಲ್ಲ.

ಡ್ರೈವರ್ ಸೀಟು ಈಗ ಒಂದು ಇಂಚು ಎತ್ತರ ಆದ ಹಾಗಿದೆ. ಮಿರರ್ ಎಲ್ಲ ಮತ್ತೆ ಹೊಂದಿಸಿಕೊಂಡೆ. ಆದರೆ ಪಕ್ಕದ ಸೀಟಿನ ಮುಂದಿನ ಎಡ ಮೂಲೆಯಲ್ಲಿ ಒಂದು ಸುಕ್ಕು ಇದೆ. ಬಿಸಿಲಿಗೆ ನಿಲ್ಲಿಸಿ ಎಳೆದು ನೋಡಿದೆ, ಹೋಗಲಿಲ್ಲ. ಮಗಳು ದಿನಾ ಅದನ್ನೇ ತೋರಿಸುತ್ತಾಳೆ. ಕಂಬಿ ರಿಂಗು ಬಿಚ್ಚಿ ಮತ್ತೆ ಎಳೆಯಲೇ?

ಕುಶನ್ ಕೆಲಸ, ಹುಬ್ಬಳ್ಳಿ

ರಿಂಗು ಮುಟ್ಟಬೇಡಿ. ಅಲ್ಲಿ ಫೋಮು ಕಡಿಮೆ ಬಿದ್ದಿದೆ. ಕೆಳಗಿಂದ ಎರಡು ರಿಂಗಿನ ನಡುವೆ ಬೆರಳು ತೂರಿಸಿ, ಹಿಡಿಯಷ್ಟು ರೆಕ್ರಾನ್ ಮೂಲೆಗೆ ತುರುಕಿ. ಹಳೇ ಸ್ಕ್ರೂಡ್ರೈವರ್ ಹಿಡಿಯಿಂದ ಒತ್ತಿ, ತುದಿಯಿಂದ ಅಲ್ಲ.

ಹಳೇ ಟಿಟಿ, ತುಮಕೂರು

ತುರುಕಿದೆ. ಹೋಯಿತು. ಮಗಳು ಈಗ ಬಲಗಡೆ ಮೂಲೆ ನೋಡುತ್ತಿದ್ದಾಳೆ.